ಮಾಹಿತಿ ಅಂದ್ರೆ ಏನಕ್ಕಾ?

(ಮಾಟುಂಗಾದಲ್ಲಿ ಒಂದು ಭಾನುವಾರ ಕನ್ನಡಿಗರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತು ಮೆಗಾಬ್ಲಾಕ್, ಹಳಿ ರಿಪೇರಿಗೆ ಲೋಕಲ್ ರೈಲು ನಿಲ್ಲಿಸುವ ದಿನ. ಆದರೂ ಡೊಂಬಿವಲಿಯಿಂದ, ವಸಯಿಯಿಂದ, ನವಿಮುಂಬಯಿಯಿಂದ ಇಷ್ಟು ಜನ ಬಂದಿದ್ದೀರಿ. ಎಂಲಿಬ್, ಅಂದರೆ ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ, ಮುಗಿಸಿದ ಹುಡುಗ ಹುಡುಗಿಯರು ಮುಂದೆ ಕೂತಿದ್ದಾರೆ. ಅವರ ಅಪ್ಪ ಅಮ್ಮಂದಿರು ಹಿಂದೆ ಇದ್ದಾರೆ. ಇಬ್ಬರ ಜೊತೆಗೂ ಮಾತಾಡಬೇಕು ಅಂತಲೇ ಬಂದಿದ್ದೇನೆ.

ನನಗೆ ಕೊಟ್ಟ ವಿಷಯ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದಲ್ಲಿ ಪಿಎಚ್‌ಡಿ. ನಿಯಮ, ಪರೀಕ್ಷೆ, ವರ್ಷ, ದುಡ್ಡು ಎಲ್ಲ ಹೇಳುತ್ತೇನೆ. ಆದರೆ ಅದಕ್ಕೂ ಮೊದಲಿನ ಒಂದು ಹಂತ ಇದೆ. ಏನು ಕೇಳಬೇಕು ಅನ್ನುವುದು. ನಮ್ಮಲ್ಲಿ ಜಾಸ್ತಿ ಜನ ಎಡವುವುದು ಅಲ್ಲೇ. ನಾನೂ ಅಲ್ಲೇ ಎಡವಿದೆ. ಅದರಿಂದ ಶುರು ಮಾಡುತ್ತೇನೆ.

ನಾನು ಇಲ್ಲಿಯ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ಕೆಲಸ ಮಾಡುತ್ತಲೇ ಪಾರ್ಟ್‌ಟೈಮ್ ಪಿಎಚ್‌ಡಿ ಮಾಡಿದೆ. ಆರು ವರ್ಷ ಹಿಡಿಯಿತು. ಮೊದಲು ಬರೆದ ಸಿನಾಪ್ಸಿಸ್, ಅಂದರೆ ಸಂಶೋಧನೆಯ ರೂಪುರೇಷೆ, ಕಾಲೇಜು ವಿದ್ಯಾರ್ಥಿಗಳು ಇ-ಸಂಪನ್ಮೂಲಗಳನ್ನು ಹೇಗೆ ಬಳಸುತ್ತಾರೆ ಅನ್ನುವುದರ ಬಗ್ಗೆ ಇತ್ತು. ಗೈಡ್ ಪೂರ್ತಿ ಓದಿದರು. ಆಮೇಲೆ ಒಂದೇ ಮಾತು ಕೇಳಿದರು. "ಇದರಲ್ಲಿ ನಿಮಗೆ ಗೊತ್ತಿಲ್ಲದ್ದು ಏನಿದೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ವಿದ್ಯಾರ್ಥಿಗಳು ಗೂಗಲ್ ನೋಡುತ್ತಾರೆ, ಡೇಟಾಬೇಸ್ ಕಡಿಮೆ ನೋಡುತ್ತಾರೆ, ತರಬೇತಿ ಬೇಕು ಅನ್ನುತ್ತಾರೆ. ಪ್ರಶ್ನಾವಳಿ ಹಂಚುವ ಮೊದಲೇ ಕೊನೆಯ ಅಧ್ಯಾಯ ಬರೆದುಬಿಡಬಹುದಿತ್ತು.

ನನ್ನ ಅಪ್ಪ ಮೂವತ್ತು ವರ್ಷ ಈ ಊರಿನ ಹೋಟೆಲಿನಲ್ಲಿ ದುಡಿದವರು. ಅವರಿಗೆ ಊರಿನ ಜಾಗದ ಕಾಗದ, ನನ್ನ ಶಾಲೆಯ ಅಡ್ಮಿಶನ್, ಆಸ್ಪತ್ರೆ, ರೇಷನ್ ಕಾರ್ಡ್ ಇದೆಲ್ಲದರ ವಿಚಾರ ಯಾರು ಹೇಳುತ್ತಿದ್ದರು? ನನಗೆ ನಿಜವಾಗಿ ಗೊತ್ತಿರಲಿಲ್ಲ. ಹಾಗಾಗಿ ವಿಷಯ ಬದಲಾಯಿಸಿದೆ. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುವ ಕನ್ನಡ, ತುಳು ಮಾತಿನವರು ದಿನದ ಬದುಕಿಗೆ ಬೇಕಾದ ಮಾಹಿತಿಯನ್ನು ಎಲ್ಲಿಂದ, ಹೇಗೆ ಪಡೆಯುತ್ತಾರೆ?

ವಿಷಯ ಬದಲಾಯಿತು, ಆದರೆ ಅಭ್ಯಾಸ ಹೋಗಿರಲಿಲ್ಲ. ಮತ್ತೆ ಪ್ರಶ್ನಾವಳಿಯನ್ನೇ ಮಾಡಿದೆ. ಕನ್ನಡದಲ್ಲೇ ಅಚ್ಚು ಹಾಕಿಸಿದೆ. ಮಧ್ಯಾಹ್ನದ ಊಟದ ಗಿರಾಕಿಗಳು ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು ಹೋಟೆಲಿನವರಿಗೆ ಒಂದು ಗಂಟೆ ಬಿಡುವು ಸಿಗುತ್ತದೆ. ಆ ಹೊತ್ತಿಗೆ ಸಯನ್ ಕಡೆಯ ಒಂದು ಹೋಟೆಲಿಗೆ ಹೋದೆ. ಬೈಂದೂರು ಕಡೆಯ ಒಬ್ಬ ಹುಡುಗ ಎದುರು ಕೂತ. ಮೊದಲ ಪ್ರಶ್ನೆ ಓದಿದೆ. "ನಿಮಗೆ ಬೇಕಾದ ಮಾಹಿತಿಯನ್ನು ಯಾವ ಮೂಲದಿಂದ ಪಡೆಯುತ್ತೀರಿ?" ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿ ಕೇಳಿದ. "ಮಾಹಿತಿ ಅಂದ್ರೆ ಏನಕ್ಕಾ?"

ನಾನು ವಿವರಿಸಿದೆ. ಸುದ್ದಿ, ಸರ್ಕಾರದ ಯೋಜನೆ, ಆರೋಗ್ಯ, ಕಾನೂನು. "ಅದೆಲ್ಲ ನಂಗೆ ಬೇಡ ಅಕ್ಕ" ಅಂದ. ನಾನು "ಪಡೆಯುವುದಿಲ್ಲ" ಅನ್ನುವ ಚೌಕಕ್ಕೆ ಟಿಕ್ ಹಾಕಿದೆ. ಮೂವತ್ತು ಪ್ರಶ್ನೆ ಹೀಗೇ ಮುಗಿದವು.

ಕಾಗದ ಚೀಲಕ್ಕೆ ಹಾಕಿದ ಮೇಲೆ ಚಹಾ ಬಂತು. ಆಗ ಅವನು ಮೆಲ್ಲಗೆ ಕೇಳಿದ. ಪುಣೆಯಲ್ಲಿ ಮೊದಲು ಒಂದು ಹೋಟೆಲಿನಲ್ಲಿದ್ದನಂತೆ. ಅಲ್ಲಿ ಎರಡು ವರ್ಷ ಸಂಬಳದಲ್ಲಿ ಪಿಎಫ್ ಹಿಡಿದಿದ್ದರು. ಈಗ ಮೊಬೈಲ್ ನಂಬರ್ ಬದಲಾಗಿದೆ, ಒಟಿಪಿ ಹಳೇ ನಂಬರಿಗೆ ಹೋಗುತ್ತದೆ. ಆ ದುಡ್ಡು ತೆಗೆಯುವುದು ಹೇಗೆ? ಎಂಟು ತಿಂಗಳಿಂದ ಕೇಳುತ್ತಾ ಇದ್ದೇನೆ ಅಂದ. ಗಲ್ಲಾದಲ್ಲಿ ಕೂರುವ ಅಣ್ಣನನ್ನು ಕೇಳಿದ್ದ. ರೂಮಿನವರನ್ನು ಕೇಳಿದ್ದ. ಮಂಗಳೂರಿನ ಭಾವನಿಗೆ ಫೋನ್ ಮಾಡಿದ್ದ. ಸೈಬರ್ ಅಂಗಡಿಗೆ ಹೋಗಿದ್ದ, ಅಲ್ಲಿ ಮೊದಲು 500 ರೂಪಾಯಿ ಕೊಡು ಅಂದರಂತೆ. ಯೂಟ್ಯೂಬ್‌ನಲ್ಲಿ ಹಿಂದಿಯ ಎರಡು ವಿಡಿಯೊ ನೋಡಿದ್ದ.

ಯೋಚಿಸಿ. ಎಂಟು ತಿಂಗಳು ಒಂದೇ ಸಮನೆ ಮಾಹಿತಿ ಹುಡುಕಿದ ಮನುಷ್ಯ ಅವನು. ಐದು ಕಡೆ ಕೇಳಿದ್ದಾನೆ, ಒಂದರ ಜೊತೆ ಇನ್ನೊಂದನ್ನು ಹೋಲಿಸಿದ್ದಾನೆ, ಯಾರನ್ನು ನಂಬಬಾರದು ಅಂತ ತೀರ್ಮಾನ ಮಾಡಿದ್ದಾನೆ. ನನ್ನ ಕಾಗದದಲ್ಲಿ ಮಾತ್ರ ಅವನು ಮಾಹಿತಿ ಪಡೆಯದವನು. ಅವತ್ತು ಸಂಜೆ ಲೋಕಲ್‌ನಲ್ಲಿ ನಿಂತುಕೊಂಡು ಮನೆಗೆ ಬರುವಾಗ ನನಗೆ ತುಂಬಾ ನಾಚಿಕೆಯಾಯಿತು. ಆ ಪ್ರಶ್ನಾವಳಿಯ ಕಟ್ಟನ್ನು ಮತ್ತೆ ಬಿಚ್ಚಲಿಲ್ಲ. ಮುಂದೆ ನಾನು ಬರೀ ಒಂದು ಮಾತು ಕೇಳುತ್ತಿದ್ದೆ. "ಇತ್ತೀಚೆಗೆ ಯಾವುದಕ್ಕಾದರೂ ಯಾರ ಹತ್ತಿರವಾದರೂ ಕೇಳಬೇಕಾಗಿ ಬಂತಾ?" ಆಮೇಲೆ ಸುಮ್ನೆ ಕೂತು ಕೇಳಿಸಿಕೊಳ್ಳುತ್ತಿದ್ದೆ. ನನ್ನ ಪಿಎಚ್‌ಡಿ ನಿಜವಾಗಿ ಶುರುವಾದದ್ದು ಆಗ.

ಇಲ್ಲಿ ನಮ್ಮ ಶಾಸ್ತ್ರದ ಮೂರು ಹೆಸರು ಹೇಳಬೇಕು. ಇವರ ಬರಹ ಮೊದಲೇ ಓದಿದ್ದರೆ ನನ್ನ ಒಂದು ವರ್ಷ ಉಳಿಯುತ್ತಿತ್ತು.

ಮೊದಲನೆಯವರು ಅಮೆರಿಕದ ರಾಬರ್ಟ್ ಟೇಲರ್. 1968ರಲ್ಲಿ ಅವರು ಪ್ರಶ್ನೆ ಹುಟ್ಟುವ ಬಗೆಯನ್ನು ನಾಲ್ಕು ಹಂತವಾಗಿ ಬಿಡಿಸಿದರು. ಮೊದಲು ಒಳಗೆ ಏನೋ ಕೊರತೆ ಇದೆ ಅನ್ನಿಸುತ್ತದೆ, ಮಾತಿಗೆ ಸಿಗುವುದಿಲ್ಲ. ಆಮೇಲೆ ಮನಸ್ಸಿನಲ್ಲಿ ಮಸುಕಾಗಿ ಒಂದು ರೂಪ ಬರುತ್ತದೆ. ಮೂರನೆಯದು, ಸರಿಯಾದ ಮಾತಿನಲ್ಲಿ ಹೇಳಬಲ್ಲ ಪ್ರಶ್ನೆ. ಕೊನೆಯದು, ಎದುರಿಗಿರುವವರು ಏನು ಕೊಡಬಹುದು ಅಂತ ಅಂದಾಜು ಮಾಡಿ, ಅದಕ್ಕೆ ತಕ್ಕಂತೆ ಬಗ್ಗಿಸಿ ಕೇಳುವ ಪ್ರಶ್ನೆ. ಕೌಂಟರಿನಲ್ಲಿ ಕೂತ ನಮಗೆ ಕೇಳಿಸುವುದು ಬರೀ ಈ ನಾಲ್ಕನೆಯದು. "ಮೇಡಂ, ಕಾನೂನಿನ ಪುಸ್ತಕ ಎಲ್ಲಿದೆ?" ಅಂತ ಹುಡುಗಿ ಕೇಳುತ್ತಾಳೆ. ಅವಳ ಮನೆಯಲ್ಲಿ ಪಗಡಿ ಮನೆಯ, ಅಂದರೆ ದೊಡ್ಡ ಮೊತ್ತ ಮೊದಲೇ ಕೊಟ್ಟು ಹಿಡಿದ ಹಳೇ ಬಾಡಿಗೆ ಮನೆಯ, ಜಗಳ ನಡೆಯುತ್ತಿರುತ್ತದೆ.

ಎರಡನೆಯವರು ಎಲ್ಫ್ರೀಡಾ ಚಾಟ್‌ಮನ್. ಪ್ರೊಫೆಸರುಗಳನ್ನು, ವಿಜ್ಞಾನಿಗಳನ್ನು ಬಿಟ್ಟು ಅವರು ಒಂದು ವಿಶ್ವವಿದ್ಯಾಲಯದ ಕಸ ಗುಡಿಸುವವರ ಹತ್ತಿರ ಹೋದರು. ಆಮೇಲೆ ವಯಸ್ಸಾದ ಹೆಂಗಸರು ಇರುವ ವಸತಿಗೆ ಹೋದರು. ಜನ ತಮ್ಮ ಚಿಕ್ಕ ಬಳಗದ ಒಳಗಿನವರ ಮಾತನ್ನು ನಂಬುತ್ತಾರೆ, ಹೊರಗಿನವರ ಮಾತು ನಿಜವಾದರೂ ತಮಗಲ್ಲ ಅಂದುಕೊಳ್ಳುತ್ತಾರೆ ಅಂತ ತೋರಿಸಿದರು. ಕೆಲವೊಮ್ಮೆ ತಮ್ಮ ಕಷ್ಟ ಹೊರಗೆ ಗೊತ್ತಾಗಬಾರದು ಅಂತ ಕೇಳುವುದನ್ನೇ ಬಿಡುತ್ತಾರೆ ಅಂತಲೂ ಬರೆದರು. ನಾನು ಟಿಕ್ ಹಾಕುವಾಗ ಹೋಟೆಲಿನ ಹುಡುಗ ಏನೂ ಹೇಳದೆ, ಚಹಾ ಬಂದ ಮೇಲೆ ಯಾಕೆ ಹೇಳಿದ ಅಂತ ನನಗೆ ಅರ್ಥವಾದದ್ದು ಇವರನ್ನು ಓದಿದಾಗ. ಚಹಾ ಕುಡಿದ ಮೇಲೆ ನಾನು ಒಳಗಿನವಳಾಗಿದ್ದೆ.

ಮೂರನೆಯವರು ಕ್ಯಾರಲ್ ಕುಲ್ತಾವ್. ಅವರ ವಿಚಾರ ಆಮೇಲೆ ಬರುತ್ತದೆ.

ನೋಡಿ, ನಮ್ಮ ಶಾಸ್ತ್ರ ಬೇರೆ ಕಡೆಯಿಂದಲೇ ಬಂದದ್ದು ಅಂತ ಅಂದುಕೊಳ್ಳಬೇಡಿ. ಎಸ್. ಆರ್. ರಂಗನಾಥನ್ ಮದ್ರಾಸಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯದ ಐದು ಸೂತ್ರ ಕೊಟ್ಟರು. ಎರಡನೆಯ ಸೂತ್ರ ನಿಮಗೆಲ್ಲ ಬಾಯಿಪಾಠ. ಪ್ರತಿ ಓದುಗನಿಗೂ ಅವನ ಪುಸ್ತಕ. ನಾವು ಅದನ್ನು ಪರೀಕ್ಷೆಯಲ್ಲಿ ಬರೆದು ಮರೆತುಬಿಡುತ್ತೇವೆ. ಕಪಾಟಿನಿಂದ ಶುರು ಮಾಡಬೇಡ, ಮನುಷ್ಯನಿಂದ ಶುರು ಮಾಡು ಅನ್ನುವುದು ಅದರ ಒಳಗಿದೆ. ಅವರು 1962ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಒಳಗೆ ಡಿಆರ್‌ಟಿಸಿ ಅನ್ನುವ ಸಂಶೋಧನೆ, ತರಬೇತಿಯ ಕೇಂದ್ರ ಕಟ್ಟಿದರು. 1972ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಈ ದೇಶದಲ್ಲಿ ನಮ್ಮ ವಿಷಯದ ಮೊದಲ ಪಿಎಚ್‌ಡಿ ಬಂದದ್ದು 1957ರಲ್ಲಿ, ದಿಲ್ಲಿ ವಿಶ್ವವಿದ್ಯಾಲಯದಿಂದ, ಡಿ. ಬಿ. ಕೃಷ್ಣರಾವ್ ಅವರಿಗೆ. ಮಾರ್ಗದರ್ಶನ ರಂಗನಾಥನ್ ಅವರದು. ಕೆಲಸ ಕೃಷಿ ವಿಷಯದ ವರ್ಗೀಕರಣದ ಮೇಲೆ. ಬೆಳೆ, ರೋಗ, ಗೊಬ್ಬರ ಎಲ್ಲವನ್ನೂ ಬಿಡಿಸಿ ಮತ್ತೆ ಜೋಡಿಸುವ ಕೆಲಸ.

ಬೆಳೆ ಅಂದೆ. ಒಂದು ಸಣ್ಣ ಪ್ರಯೋಗ ಮಾಡೋಣ. ಮುಂಬಯಿಯ ಗ್ರಂಥಾಲಯಗಳಲ್ಲಿ ಕನ್ನಡ ಪುಸ್ತಕಗಳಿವೆ. ಅವುಗಳ ಹೆಸರನ್ನು ಕಂಪ್ಯೂಟರಿಗೆ ಹಾಕುವವರಿಗೆ ಕನ್ನಡ ಬರದಿದ್ದರೆ ಇಂಗ್ಲಿಷ್ ಅಕ್ಷರದಲ್ಲೋ ದೇವನಾಗರಿಯಲ್ಲೋ ಹಾಕುತ್ತಾರೆ. ಬಿ, ಇ, ಎಲ್, ಇ ಅಂತ ಟೈಪ್ ಮಾಡಿ. ಅದು ಬೆಲೆಯಾ, ಬೆಳೆಯಾ, ಬೇಳೆಯಾ? ಮೂರೂ ಆಗಬಹುದು. ದೇವನಾಗರಿಯಲ್ಲಿ ಮರಾಠಿಗೆ ಳಕಾರ ಇದೆ, ಹಾಗಾಗಿ ಬೆಲೆ ಬೇರೆಯಾಗುತ್ತದೆ. ಆದರೆ ಹ್ರಸ್ವ ಎ, ದೀರ್ಘ ಏ ಬೇರೆ ಮಾಡಿ ಬರೆಯುವ ರೂಢಿ ಮರಾಠಿಯಲ್ಲಿಲ್ಲ. ಬೆಳೆ ಮತ್ತು ಬೇಳೆ ಒಂದೇ ಆಗಿಬಿಡುತ್ತವೆ. ಹಾಗೇ ಕೆರೆ, ಕೇರೆ. ಕೊಡು, ಕೋಡು. ಸರಿಯಾಗಿ ಹುಡುಕಿದವನಿಗೂ ಪುಸ್ತಕ ಸಿಗುವುದಿಲ್ಲ. ಕಪಾಟಿನಲ್ಲಿ ಇದ್ದರೂ ಇಲ್ಲ. ಇದನ್ನು ಹೇಗೆ ಸರಿ ಮಾಡುವುದು? ಓದುಗ ಹೇಗೆ ಬೇಕಾದರೂ ಟೈಪ್ ಮಾಡಲಿ, ಕ್ಯಾಟಲಾಗ್ ಅರ್ಥ ಮಾಡಿಕೊಳ್ಳುವಂತೆ ಮಾಡಬಹುದಾ? ಇದು ಪೂರ್ತಿ ಒಂದು ಪಿಎಚ್‌ಡಿ ಪ್ರಶ್ನೆ. ಮರಾಠಿ, ಕನ್ನಡ ಎರಡೂ ಬರುವ ನಿಮ್ಮಂಥವರು ಮಾಡಬೇಕಾದ ಕೆಲಸ ಇದು.

ಇನ್ನೊಂದು ಇದೆ. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ, ಯೂನಿಕೋಡ್, ಅದರ ಬಳಕೆ ಹರಡುವ ಮೊದಲು ಕನ್ನಡ ಪತ್ರಿಕೆಗಳು, ಸಂಘದ ಸ್ಮರಣ ಸಂಚಿಕೆಗಳು ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ತಯಾರಾದವು. ಆ ಕಡತ ಇವತ್ತು ತೆರೆದರೆ ಫಾಂಟ್ ಇಲ್ಲದಿದ್ದಾಗ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಕನ್ನಡದಲ್ಲಿ ಹುಡುಕಿದರೆ ಏನೂ ಬರುವುದಿಲ್ಲ. ಮುಂಬಯಿ ಕನ್ನಡಿಗರ ಎಷ್ಟು ವರ್ಷಗಳ ನೆನಪು ಹಾಗೆ ಸಿಕ್ಕಿಹಾಕಿಕೊಂಡಿದೆ ಅಂತ ಯಾರೂ ಲೆಕ್ಕ ಹಾಕಿ ನನಗೆ ತೋರಿಸಿಲ್ಲ. ರಾತ್ರಿ ಶಾಲೆಗಳ ಹಾಜರಿ ಪುಸ್ತಕ, ಯಕ್ಷಗಾನದ ಕರಪತ್ರ, ಜಾತಿ ಸಂಘಗಳ ವರದಿ, ಹೋಟೆಲು ಉದ್ಘಾಟನೆಯ ಆಮಂತ್ರಣ. ಪಟ್ಟಣದ ಚರಿತ್ರೆ ಬರೆಯುವವರು ಏಷ್ಯಾಟಿಕ್ ಸೊಸೈಟಿಯ ಹಳೇ ಗ್ರಂಥಾಲಯದ ಮೆಟ್ಟಿಲು ಹತ್ತುತ್ತಾರೆ. ಅದು ಒಳ್ಳೆಯದೇ. ಆದರೆ ಈ ಕಾಗದಗಳು ಇರುವುದು ನಮ್ಮ ಚಾಳಿನ ಅಟ್ಟದಲ್ಲಿ, ಮಂಚದ ಕೆಳಗಿನ ಟ್ರಂಕಿನಲ್ಲಿ.

ಕಾನೂನಿನ ಕಡೆಯಿಂದಲೂ ಪ್ರಶ್ನೆ ಇದೆ. ಕರ್ನಾಟಕದ ಗ್ರಂಥಾಲಯ ಕಾಯ್ದೆ 1965ರದ್ದು, ಮಹಾರಾಷ್ಟ್ರದ್ದು 1967ರದ್ದು. ಎರಡೇ ವರ್ಷದ ಅಂತರ. ಆದರೆ ದಾರಿ ಬೇರೆ. ಅಲ್ಲಿ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಿಯಾಗುತ್ತದೆ, ಸರ್ಕಾರದ ಇಲಾಖೆಯೇ ಗ್ರಂಥಾಲಯ ನಡೆಸುತ್ತದೆ. ಇಲ್ಲಿ ಕರ ಇಲ್ಲ. ಜನ ಕಟ್ಟಿದ ಸಂಸ್ಥೆಗಳು ಗ್ರಂಥಾಲಯ ನಡೆಸುತ್ತವೆ, ದರ್ಜೆ ನೋಡಿ ಸರ್ಕಾರ ಅನುದಾನ ಕೊಡುತ್ತದೆ. ಯಾವುದರಲ್ಲಿ ಓದುಗನಿಗೆ ಜಾಸ್ತಿ ಮಾತು ನಡೆಯುತ್ತದೆ? ಎರಡೂ ಕಡೆ ಬೇರಿರುವ ನಮಗೆ ಇದು ಚೆನ್ನಾಗಿ ಕಾಣಬೇಕು.

ಈಗ ನೀವು ಮೊಬೈಲ್ ತೆಗೆದು ಶೋಧಗಂಗಾ ತೆರೆಯಿರಿ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಅನ್ನುವ ಸಂಸ್ಥೆ ನಡೆಸುವ ಭಂಡಾರ ಇದು. ದೇಶದ ವಿಶ್ವವಿದ್ಯಾಲಯಗಳ ಲಕ್ಷಗಟ್ಟಲೆ ಪಿಎಚ್‌ಡಿ ಪ್ರಬಂಧಗಳು ಪೂರ್ತಿಯಾಗಿ, ಪುಕ್ಕಟೆಯಾಗಿ ಓದಲು ಸಿಗುತ್ತವೆ. ನಿಮ್ಮ ಮನಸ್ಸಿನಲ್ಲಿರುವ ವಿಷಯ ಹಾಕಿ ನೋಡಿ. ಒಂದೇ ತಲೆಬರಹ, ಜಿಲ್ಲೆಯ ಹೆಸರು ಮಾತ್ರ ಬೇರೆ, ಅಂಥದ್ದು ಸಾಲಾಗಿ ಬಂದರೆ ಅಲ್ಲೇ ನಿಲ್ಲಿ. ಆ ಪ್ರಬಂಧ ಬರೆದವರನ್ನು ನಾನು ದೂರುವುದಿಲ್ಲ. ನೌಕರಿಗೆ, ಬಡ್ತಿಗೆ ಪಿಎಚ್‌ಡಿ ಬೇಕು, ಮನೆ ನಡೆಯಬೇಕು. ಆದರೆ ನಿಮ್ಮ ಆರು ವರ್ಷ ಇನ್ನೊಬ್ಬರ ಅಚ್ಚಿನಲ್ಲಿ ಎರಕ ಹೊಯ್ಯುವುದಕ್ಕೆ ಹೋಗುವುದು ನನಗೆ ಸಂಕಟ.

ಸರಿ, ನಿಯಮಗಳು. ಬೇಗ ಹೇಳುತ್ತೇನೆ, ಬರೆದುಕೊಳ್ಳಿ. ಈಗ ನಡೆಯುತ್ತಿರುವುದು ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2022ರ ಪಿಎಚ್‌ಡಿ ನಿಯಮ. ಸ್ನಾತಕೋತ್ತರದಲ್ಲಿ 55% ಬೇಕು. ಮೀಸಲಾತಿ ಇರುವವರಿಗೆ, ಅಂಗವಿಕಲರಿಗೆ, ಆರ್ಥಿಕವಾಗಿ ಹಿಂದುಳಿದವರಿಗೆ 5% ರಿಯಾಯಿತಿ. ಕೋರ್ಸ್‌ವರ್ಕ್ ಕಡಿಮೆ ಅಂದರೆ 12 ಕ್ರೆಡಿಟ್. ಅವಧಿ ಕಡಿಮೆ ಅಂದರೆ 3 ವರ್ಷ, ಜಾಸ್ತಿ ಅಂದರೆ 6. ಮರುನೋಂದಣಿ ಮಾಡಿಸಿದರೆ ಇನ್ನೂ 2 ವರ್ಷ ಸಿಗಬಹುದು. ಹೆಣ್ಣುಮಕ್ಕಳಿಗೆ, 40%ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಅದರ ಮೇಲೂ 2 ವರ್ಷ, ಒಟ್ಟು 10 ಮೀರಬಾರದು. ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನದವರೆಗೆ ರಜೆ ಇದೆ. ಹಿಂದೆ ಕೂತ ಅಮ್ಮಂದಿರು ಇದನ್ನು ಕೇಳಿಸಿಕೊಳ್ಳಿ. ಮದುವೆಯಾದರೆ ಓದು ನಿಲ್ಲಬೇಕು ಅಂತ ನಿಯಮ ಎಲ್ಲೂ ಹೇಳುವುದಿಲ್ಲ.

ಕೆಲಸದಲ್ಲಿ ಇರುವವರು ಪಾರ್ಟ್‌ಟೈಮ್ ಮಾಡಬಹುದು. ಕೆಲಸ ಕೊಟ್ಟವರಿಂದ ಎನ್‌ಒಸಿ, ಅಂದರೆ ಅಭ್ಯಂತರ ಇಲ್ಲ ಅನ್ನುವ ಪತ್ರ, ತರಬೇಕು. ಎನ್‌ಇಟಿ ಅನ್ನುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಬರೆಯಿರಿ, ನಮ್ಮ ವಿಷಯದ ಸಂಖ್ಯೆ 59. 2024ರಿಂದ ಅದರ ಅಂಕವನ್ನು ಪಿಎಚ್‌ಡಿ ಪ್ರವೇಶಕ್ಕೂ ಬಳಸಲು ಯುಜಿಸಿ ದಾರಿ ಮಾಡಿದೆ. ಅದರಲ್ಲಿ ಜೆಆರ್‌ಎಫ್ ಅನ್ನುವ ಸಂಶೋಧನಾ ವೇತನ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಆದರೆ ಅದು ಪೂರ್ಣಾವಧಿ ಮಾಡುವವರಿಗೆ ಮಾತ್ರ. ಎಲ್ಲಿ ಮಾಡುವುದು? ಕಲಿನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ವಿಭಾಗ ಇದೆ. ಅದೇ ಆವರಣದಲ್ಲಿ ಕನ್ನಡ ವಿಭಾಗವೂ ಇದೆ, ಎರಡರ ನಡುವೆ ನಡೆದಾಡುವ ವಿದ್ಯಾರ್ಥಿ ಬೇಕು ಅಂತ ನನ್ನ ಆಸೆ. ಹೆಣ್ಣುಮಕ್ಕಳಿಗೆ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯ ಇದೆ, ಅಲ್ಲಿಯ ಗ್ರಂಥಾಲಯ ವಿಜ್ಞಾನ ಶಾಲೆ 1961ರದ್ದು. ಪುಣೆ ವಿಶ್ವವಿದ್ಯಾಲಯ ಇದೆ. ಊರಿಗೆ ಹೋಗಿ ಓದುವವರಿಗೆ ಧಾರವಾಡ, ಮೈಸೂರು, ಮಂಗಳೂರು. ಸಂಸ್ಥೆಗಿಂತ ಮೊದಲು ಗೈಡ್ ಯಾರು ಅಂತ ನೋಡಿ. ಒಬ್ಬ ಪ್ರೊಫೆಸರ್ 8 ಜನ, ಅಸೋಸಿಯೇಟ್ 6, ಅಸಿಸ್ಟೆಂಟ್ 4 ಜನರನ್ನು ತೆಗೆದುಕೊಳ್ಳಬಹುದು. ಸೀಟು ಖಾಲಿ ಇದೆಯಾ ಅಂತ ಕೇಳುವ ಮೊದಲು ಅವರು ಬರೆದದ್ದು ಎರಡಾದರೂ ಓದಿಕೊಂಡು ಹೋಗಿ.

ಒಂದು ಎಚ್ಚರ. ನನಗೂ ಒಂದು ಈಮೇಲ್ ಬಂದಿತ್ತು. ಗೌರವಾನ್ವಿತ ಸಂಶೋಧಕರೇ ಅಂತ ಶುರುವಾಗಿ, ಎರಡು ಸಾವಿರ ರೂಪಾಯಿ ಕಟ್ಟಿದರೆ ಐದು ದಿನದಲ್ಲಿ ಲೇಖನ ಪ್ರಕಟ ಅಂತ ಇತ್ತು. ಗೆಳತಿಯೊಬ್ಬಳು ಕಟ್ಟಿದಳು. ಲೇಖನ ಬಂತು, ಯಾರೂ ಓದಿ ತಿದ್ದಿರಲಿಲ್ಲ, ಅವಳ ಹೆಸರಿನಲ್ಲೇ ತಪ್ಪಿತ್ತು. ಇಂಥ ಪತ್ರಿಕೆಗಳನ್ನು ಬೇಟೆಗಾರ ಪ್ರಕಾಶಕರು ಅಂತ ಹೆಸರಿಟ್ಟು ಕರೆದ ಜೆಫ್ರಿ ಬೀಲ್ ಒಬ್ಬ ಗ್ರಂಥಪಾಲಕರು. ಇದನ್ನು ಗುರುತಿಸುವುದು ನಮ್ಮದೇ ಕಸುಬು, ಅಲ್ವಾ? 2022ರ ನಿಯಮದಲ್ಲಿ ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟವಾಗಲೇಬೇಕು ಅನ್ನುವ ಕಡ್ಡಾಯ ತೆಗೆದಿದ್ದಾರೆ. ನಿಮ್ಮ ವಿಶ್ವವಿದ್ಯಾಲಯ ಏನು ಕೇಳುತ್ತದೆ ನೋಡಿಕೊಳ್ಳಿ. ನಮ್ಮ ವಿಷಯದ ಒಳ್ಳೆಯ ಪತ್ರಿಕೆಗಳಲ್ಲಿ 1954ರಲ್ಲಿ ಶುರುವಾದ ಆನಲ್ಸ್ ಇದೆ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಕಡೆಯ ಡೆಸಿಡಾಕ್ ಪತ್ರಿಕೆ ಇದೆ. ಅಲ್ಲಿ ತಿರಸ್ಕಾರವಾದರೂ ಕಲಿಯುವುದು ಇರುತ್ತದೆ. ನಕಲಿನ ವಿಚಾರಕ್ಕೆ 2018ರ ನಿಯಮ ಬೇರೆ ಇದೆ. ಹೋಲಿಕೆ 10% ದಾಟಿದರೆ ತಿದ್ದಿ ಮತ್ತೆ ಕೊಡಬೇಕು, 60% ದಾಟಿದರೆ ನೋಂದಣಿಯೇ ರದ್ದು.

ಈಗ ಕ್ಯಾರಲ್ ಕುಲ್ತಾವ್. ಇವರು ಶಾಲೆಯ ಗ್ರಂಥಪಾಲಕಿಯಾಗಿದ್ದವರು. ಪ್ರಬಂಧ ಬರೆಯಲು ಬರುವ ಮಕ್ಕಳು ಏನು ಹುಡುಕುತ್ತಾರೆ ಅನ್ನುವುದರ ಜೊತೆಗೆ ಹುಡುಕುವಾಗ ಅವರಿಗೆ ಏನು ಅನ್ನಿಸುತ್ತದೆ ಅಂತಲೂ ಕೇಳಿದರು. ವಿಷಯ ಸಿಕ್ಕಾಗ ಖುಷಿ. ಆಮೇಲೆ ಓದುತ್ತಾ ಹೋದ ಹಾಗೆ ಖುಷಿ ಹೋಗಿ ಗೊಂದಲ, ಅನುಮಾನ ಜಾಸ್ತಿಯಾಗುತ್ತದೆ. ಜಾಸ್ತಿ ತಿಳಿದಷ್ಟೂ ಕಳೆದುಹೋದ ಹಾಗೆ. ತನ್ನದೇ ಒಂದು ದಿಕ್ಕು ಕಂಡ ಮೇಲೆ ಮನಸ್ಸು ತಿಳಿಯಾಗುತ್ತದೆ. ಈ ನಡುವಿನ ಹಂತ ಎಲ್ಲರಿಗೂ ಬರುತ್ತದೆ.

ನನಗೆ ಬಂದದ್ದು ಎರಡನೆಯ ವರ್ಷದಲ್ಲಿ. ಬೆಳಿಗ್ಗೆ 6ಕ್ಕೆ ಡಬ್ಬಿ ಕಟ್ಟಿ, ಲೋಕಲ್ ಹಿಡಿದು, ಕಾಲೇಜು ಮುಗಿಸಿ, ಮಾತಾಡಿಸಿ ಬಂದ ಧ್ವನಿಮುದ್ರಣಗಳನ್ನು ರಾತ್ರಿ ಬರೆದಿಡಬೇಕು. ಒಂದು ಗಂಟೆ ಮಾತು ಬರೆಯಲು ಮೂರು ರಾತ್ರಿ ಬೇಕಾಗುತ್ತಿತ್ತು. ನಾಲ್ಕು ತಿಂಗಳು ಕಡತವನ್ನೇ ಮುಟ್ಟಲಿಲ್ಲ. ಬುದ್ಧಿ ಸಾಲದು, ಬಿಟ್ಟುಬಿಡೋಣ ಅನ್ನಿಸಿತ್ತು. ಕುಲ್ತಾವ್ ಓದಿದಾಗ ಅಳು ಬಂತು. ಇದು ಹುಡುಕಾಟದ ಒಂದು ಹಂತ, ಇದಕ್ಕೆ ಹೆಸರಿದೆ ಅಂತ ಗೊತ್ತಾದದ್ದೇ ದೊಡ್ಡ ಸಮಾಧಾನ. ಆ ವಾರ ಅಪ್ಪನನ್ನು ಕೂರಿಸಿಕೊಂಡು ಕೇಳಿದೆ. ನನ್ನ ಅಡ್ಮಿಶನ್ ವಿಚಾರ ನಿಮಗೆ ಯಾರು ಹೇಳಿದರು? ಅಪ್ಪ ಹೇಳಿದರು, ದಿನಾ ಮಧ್ಯಾಹ್ನ ಒಬ್ಬ ಮರಾಠಿ ಮೇಷ್ಟ್ರು ಊಟಕ್ಕೆ ಬರುತ್ತಿದ್ದರು, ಅವರಿಗೆ ಪಲ್ಯ ಎರಡನೇ ಸಲ ಬಡಿಸುವಾಗ ಕೇಳಿದೆ ಅಂತ. ಕೇಳಲು ಎರಡು ವಾರ ಧೈರ್ಯ ಬಂದಿರಲಿಲ್ಲವಂತೆ. ಗಿರಾಕಿಯೇ ಗ್ರಂಥಾಲಯವಾದ ಬಗೆ ನನ್ನ ನಾಲ್ಕನೆಯ ಅಧ್ಯಾಯವಾಯಿತು.

ಬೈಂದೂರಿನ ಹುಡುಗನ ಪಿಎಫ್ ಏನಾಯಿತು ಅಂತ ಕೆಲವರ ಮುಖದಲ್ಲಿ ಪ್ರಶ್ನೆ ಕಾಣುತ್ತಿದೆ. ಅದು ನನ್ನ ಸಂಶೋಧನೆಯ ಭಾಗವಾಗಿರಲಿಲ್ಲ, ಆದರೂ ಬಿಡಲು ಮನಸ್ಸು ಬರಲಿಲ್ಲ. ಒಂದು ರಜಾ ದಿನ ಇಬ್ಬರೂ ಕೂತು ಅರ್ಜಿ ತುಂಬಿದೆವು. ಮೂರು ಸಲ ವಾಪಸ್ ಬಂತು, ಆಧಾರ್‌ನಲ್ಲಿ ಒಂದು ಹೆಸರು, ಹೋಟೆಲಿನವರು ಕೊಟ್ಟದ್ದು ಇನ್ನೊಂದು ಸ್ಪೆಲಿಂಗ್. ನಾಲ್ಕನೆಯ ಸಲ ಆಯಿತು.

ಪ್ರಶ್ನೆಗಳಿದ್ದರೆ ಕೇಳಿ.

(ಪ್ರಶ್ನೆಗಳು ತುಂಬಾ ಬಂದವು. ಫೀಸು, ವಯಸ್ಸು, ಕನ್ನಡದಲ್ಲಿ ಪ್ರಬಂಧ ಬರೆಯಬಹುದೇ ಅನ್ನುವುದು. ಕೊನೆಗೆ ಹಿಂದಿನ ಸಾಲಿನಿಂದ ವಯಸ್ಸಾದ ಒಬ್ಬರು ಎದ್ದು ನಿಂತರು. ಘಾಟ್‌ಕೋಪರ್‌ನಲ್ಲಿ ಅವರ ಚಾಳು ಮುಂದಿನ ತಿಂಗಳು ಕೆಡವುತ್ತಾರಂತೆ. ಅಟ್ಟದಲ್ಲಿ ಎರಡು ಟ್ರಂಕ್ ಇದೆ, ತಾವು ಕಲಿತ ರಾತ್ರಿ ಶಾಲೆಯ ಪುಸ್ತಕ, ನಾಟಕದ ಕರಪತ್ರ, ಹಳೇ ಪತ್ರಿಕೆ ಎಲ್ಲ ಅದರಲ್ಲಿದೆ ಅಂದರು. "ರದ್ದಿಯವನು ನಾಡಿದ್ದು ಬರ್ತಾನೆ. ಅಷ್ಟರಲ್ಲಿ ಯಾರಾದರೂ ನೋಡ್ತೀರಾ?" ಮುಂದಿನ ಸಾಲಿನ ಇಬ್ಬರು ಹುಡುಗಿಯರು ನನಗಿಂತ ಮೊದಲೇ ಅವರ ಹತ್ತಿರ ಹೋಗಿ ವಿಳಾಸ ಬರೆದುಕೊಳ್ಳುತ್ತಿದ್ದರು.)